ನಮ್ಮ ಬೋಂಡಾನ ಪಂಕ್ತಿ

ಬೇರೆಯವರ ಮನೆ ನಾಯಿ ಬಾಗಿಲು ಕಾಯುತ್ತೆ, ನಮ್ಮನೆಯದು ಮೊಸರನ್ನ ಕಾಯುತ್ತೆ. ಹಾಗಾಗಿ ಕುವೆಂಪುನಗರದ ನಮ್ಮ ಮನೇಲಿ ತಮಾಷೆ ಪ್ರಸಂಗಗಳಿಗೆ ಯಾವತ್ತೂ ಬರ ಬಂದಿಲ್ಲ. ನಾನು ಮೂವತ್ತು ವರ್ಷದಿಂದ ಮದುವೆ ಛತ್ರಗಳಲ್ಲಿ ಊಟ ಬಡಿಸೋನು. ಇನ್ನೂರು ಎಲೆಯ ಪಂಕ್ತೀಲಿ ಯಾರಿಗೆ ಪಲ್ಯ ಮುಗಿದಿದೆ ಅಂತ ಬಾಗಿಲಲ್ಲಿ ನಿಂತೇ ಹೇಳಬಲ್ಲೆ. ಅಂಥವನಿಗೆ ಸ್ವಂತ ಮನೆ ನಾಯಿಯ ತಟ್ಟೆ ಹತ್ರ ಹೋಗೋ ಧೈರ್ಯ ಇರಲಿಲ್ಲ ಅಂದ್ರೆ ಯಾರ ಹತ್ರ ಹೇಳ್ಕೊಳ್ಳೋದು!

ಬಂದದ್ದು ಹೀಗೆ

ಒಂದು ಮದುವೆ ದಿನ ಛತ್ರದ ಹಿಂದೆ, ಎಂಜಲೆಲೆ ರಾಶಿ ಹತ್ರ, ನಾಲ್ಕು ದೊಡ್ಡ ನಾಯಿಗಳ ಮಧ್ಯೆ ಒಂದು ಪುಟ್ಟ ಮರಿ. ಬಾಯಲ್ಲಿ ಇಡೀ ಬೋಂಡಾ. ನುಂಗೋಕೆ ದೊಡ್ಡದು, ಕೆಳಗಿಟ್ಟರೆ ಉಳಿದವು ಕಿತ್ಕೊಳ್ತವೆ. ಸುಮ್ನೆ ಕಚ್ಕೊಂಡು ನಡುಗ್ತಾ ನಿಂತಿತ್ತು. ಬಿಟ್ಟು ಬರೋಕೆ ಮನಸ್ಸಾಗಲಿಲ್ಲ. ಟವೆಲಲ್ಲಿ ಸುತ್ತಿ ಸ್ಕೂಟರ್ ಮೇಲೆ ಇಟ್ಕೊಂಡು ಬಂದೆ.

ಹೆಂಡತಿ ಬಾಗಿಲಲ್ಲೇ ತಡೆದಳು. "ಏನ್ರೀ ಅದು ಟವೆಲಲ್ಲಿ?"

"ಬೋಂಡಾ ಕಣೇ."

ಪಾಪ, ಆಸೆಯಿಂದ ಬಿಚ್ಚಿದಳು. ಬೋಂಡಾ "ಗುರ್" ಅಂತು.

ಯಜಮಾನ ಯಾರು?

ಬೆಳೆದ ಮೇಲೆ ಬೋಂಡಾ ಬಲು ಮುದ್ದು. ಕಾಲು ಕೊಡ್ತಾನೆ, ಹೊಟ್ಟೆ ಕೊಡ್ತಾನೆ, ಮೈಮೇಲೆ ಬಿದ್ದು ನೆಕ್ತಾನೆ. ಆದರೆ ಮುಂದೆ ತಟ್ಟೆ ಇಟ್ಟರೆ ಸಾಕು, ಬೇರೆ ನಾಯೀನೇ. ಎಂಟಡಿ ದೂರದಲ್ಲಿ ನಾವು ಬಟ್ಟೆ ಒಣಗಿಸೋಕೆ ಹೋದರೂ ಹಲ್ಲು ತೋರಿಸ್ತಿದ್ದ.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಉಪಾಯ ಹೇಳಿದರು. "ತಿನ್ನುವಾಗಲೇ ತಟ್ಟೆ ಕಿತ್ಕೊಳ್ಳಿ. ಮನೆ ಯಜಮಾನ ಯಾರು ಅಂತ ಗೊತ್ತಾಗಲಿ."

ಮಾರನೇ ದಿನ ಕಿತ್ಕೊಂಡೆ. ಎರಡೇ ನಿಮಿಷ. ನನ್ನ ಪಂಚೆ ಅವನ ಬಾಯಲ್ಲಿ, ನಾನು ಚಡ್ಡೀಲಿ ಕಾಂಪೌಂಡ್ ಗೋಡೆ ಮೇಲೆ. ಆಚೆಯಿಂದ ಮೇಷ್ಟ್ರು ಕತ್ತೆತ್ತಿ ನೋಡಿ, "ಗೊತ್ತಾಯ್ತೇನ್ರೀ ಅದಕ್ಕೆ?" ಅಂದರು.

"ಅದಕ್ಕೆ ಮೊದಲೇ ಗೊತ್ತಿತ್ತು ಸಾರ್. ನನಗೆ ಈಗ ಗೊತ್ತಾಯ್ತು."

ಗಡುವು

ಮಂಡ್ಯದಲ್ಲಿರೋ ಮಗಳಿಗೆ ಈ ಸುದ್ದಿ ಮುಟ್ಟಿತು. ಅವಳ ಮಗು ಆಗತಾನೇ ಅಂಬೆಗಾಲಿಡ್ತಿತ್ತು. "ಯುಗಾದಿಗೆ ಬರ್ತೀನಿ ಅಪ್ಪ. ಅಷ್ಟರೊಳಗೆ ಅವನು ಸರಿಹೋಗಿರಬೇಕು, ಇಲ್ಲಾ ಅವನು ಅಲ್ಲಿರಬಾರದು" ಅಂದಳು. ಅವಳದ್ದೇನು ತಪ್ಪು? ನನಗೂ ಮೊಮ್ಮಗು ಬೇಕು.

ನನ್ನ ಹೆಂಡತಿಯ ತಮ್ಮನದು ಕಡಕೊಳದಲ್ಲಿ ಒಂದು ಶೆಡ್ ಇದೆ. "ನನಗೆ ಕೊಡಿ ಭಾವ, ಗೇಟಿಗೆ ಕಟ್ಟಾಕ್ತೀನಿ, ಕಾವಲಿಗಾಯ್ತು. ಯುಗಾದಿ ದಿನ ಬಂದು ಎತ್ತಾಕ್ಕೊಂಡು ಹೋಗ್ಬುಡ್ತೀನಿ" ಅಂದ. ಕಟ್ಟಾಕೋ ಮಾತು ಕೇಳಿ ನನಗೆ ಅವತ್ತು ಅನ್ನ ಸೇರಲಿಲ್ಲ.

ಹೆಂಡತಿ ಮಾತ್ರ, "ನಿಮ್ಮ ನಾಯಿ ತೊಲಗಿದರೆ ನನಗೆ ನೆಮ್ಮದಿ" ಅಂದಳು. ಆಮೇಲೆ ಪಾತ್ರೆ ತೊಳೀತಾ, ನನ್ನ ಕಡೆ ನೋಡದೆ, "ಅಲ್ಲಿ ಅದಕ್ಕೆ ಮೊಸರನ್ನ ಯಾರು ಕಲಸ್ತಾರಂತೆ?" ಅಂತ ಕೇಳಿದಳು.

ಡಾಕ್ಟರ ಪ್ರಶ್ನೆ

ಸರಸ್ವತಿಪುರಂನಲ್ಲಿ ಒಬ್ಬರು ಪ್ರಾಣಿಗಳ ಡಾಕ್ಟರಮ್ಮ ಇದ್ದಾರೆ. ಎಲ್ಲಾ ಹೇಳಿದೆ, ಪಂಚೆ ವಿಷಯ ಒಂದು ಬಿಟ್ಟು. ಅವರು, "ನೀವೇನು ಕೆಲಸ ಮಾಡೋದು?" ಅಂದರು.

"ಮದುವೆ ಊಟ ಬಡಿಸೋದು ಮೇಡಂ."

"ಉಣ್ತಾ ಇರೋರ ಎಲೆ ಯಾವತ್ತಾದರೂ ಎಳ್ಕೊಂಡಿದ್ದೀರಾ?"

"ಛೆ ಛೆ, ಎಲ್ಲಾದರೂ ಉಂಟೇ! ಬೀಗರು ಸುಮ್ನೆ ಬಿಡ್ತಾರಾ?"

"ಮತ್ತೆ ಬೋಂಡಾ ಯಾಕೆ ಬಿಡಬೇಕು?"

ಅವರು ದಾರಿ ಹೇಳಿಕೊಟ್ಟರು. ದೂರದಲ್ಲಿ ಹಾದು ಹೋಗ್ತಾ ಅವನಿಗೆ ಇಷ್ಟವಾದ ಒಂದು ತುಣುಕು ತಟ್ಟೆ ಕಡೆ ಹಾಕಬೇಕು, ನಿಲ್ಲದೆ ಹೋಗಿಬಿಡಬೇಕು. ಗುರ್ ಅಂದರೆ ಬೈಯಬಾರದು, ಹಿಂದೆ ಸರೀಬೇಕು. ಅವನು ನಿರಾಳವಾಗಿದ್ದರೆ ಮಾತ್ರ ದಿನಕ್ಕೊಂದು ಹೆಜ್ಜೆ ಹತ್ತಿರ. ಬರೋ ಕೈ ಕಿತ್ಕೊಳ್ಳೋಕಲ್ಲ, ಕೊಡೋಕೆ ಅಂತ ಅವನಿಗೆ ನಂಬಿಕೆ ಬರಬೇಕು. "ಒಟ್ಟಿನಲ್ಲಿ ಬಡಿಸಿ" ಅಂದರು. ಅಲ್ಲ, ನನ್ನ ಕಸುಬನ್ನ ನನಗೇ ಹೇಳಿಕೊಟ್ಟು ಫೀಸು ತಗೊಂಡರು.

ಹಿತ್ತಲಿನ ಪಂಕ್ತಿ

ಮಾರನೇ ದಿನದಿಂದ ಬೇಯಿಸಿದ ಮೊಟ್ಟೆ ಚೂರು ಪುಟ್ಟ ಬಕೆಟ್ಟಿಗೆ ಹಾಕ್ಕೊಂಡು, ಹೆಗಲಿಗೆ ಟವೆಲ್ ಹಾಕ್ಕೊಂಡು ಹಿತ್ತಲಿಗೆ ಇಳಿದೆ. ಬಕೆಟ್ ಕೈಗೆ ಬಂದರೆ ನಾಲಿಗೆ ಸುಮ್ನಿರುತ್ತಾ? "ನಿಧಾನವಾಗಿ ಆಗಲಿ... ಸಂಕೋಚ ಬೇಡ... ಇನ್ನೊಂದು ಚೂರು ಹಾಕ್ಲಾ?" ಅಂತ ಅದರ ಪಾಡಿಗೆ ಅದು ಬಂದುಬಿಡೋದು. ಮೊದಲ ವಾರ ಹತ್ತಡಿ. ಆಮೇಲೆ ಎಂಟು, ಆರು. ಒಂದು ದಿನ ತಾಳ್ಮೆ ತಪ್ಪಿ ಎರಡು ಹೆಜ್ಜೆ ಜಾಸ್ತಿ ಇಟ್ಟೆ, ಗುರ್ ಅಂದ, ಮತ್ತೆ ಹತ್ತಡಿಗೆ ವಾಪಸ್. ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನನ್ನ ಬಕೆಟ್ ಸದ್ದಿಗೆ ಬೋಂಡಾ ತಲೆ ಎತ್ತಿ ಬಾಲ ಆಡಿಸಿದ. ನಾಚಿಕೆ ಬಿಟ್ಟು ಹೇಳ್ತೀನಿ, ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ.

ಅವತ್ತು ಸಂಜೆ ಮೇಷ್ಟ್ರು ಗೋಡೆ ಮೇಲಿಂದ ಬಗ್ಗಿ, ಮೆಲ್ಲಗೆ ಕೇಳಿದರು: "ತಿಂಗಳಿಂದ ಹಿತ್ತಲಲ್ಲಿ ಕೂರಿಸಿ ಉಪಚಾರ ಮಾಡ್ತಿದ್ದೀರಲ್ಲಾ, ಅಷ್ಟು ದೊಡ್ಡ ನೆಂಟರನ್ನ ಒಳಗೆ ಕರೆಯೋದಲ್ವೇನ್ರೀ?"

ಯುಗಾದಿ

ಹಬ್ಬದ ದಿನ ಮಗಳು ಬಂದಳು. ಮಗೂನ ಎತ್ಕೊಂಡು ಹಿತ್ತಲ ಗ್ರಿಲ್ ಬಾಗಿಲಿನ ಒಳಗೇ ನಿಂತಳು. ಬಾಮೈದನೂ ಗೂಡ್ಸ್ ಆಟೋ ತಂದ, ಕೈಯಲ್ಲಿ ಹಗ್ಗ. ಹೊರಗೆ ಬೋಂಡಾ ಊಟಕ್ಕೆ ಕೂತಿದ್ದ.

"ಸರಿಹೋಗಿದ್ದಾನೆ ಕಣೋ" ಅಂದೆ.

"ನಾಯಿ ಬುದ್ಧಿ ಎಲ್ಲಿ ಹೋಗುತ್ತೆ ಭಾವ?" ಅಂತ, ಬೇಡ ಬೇಡ ಅಂದರೂ ಕೇಳದೆ, ಹಗ್ಗ ಹಿಡಿದು ನೇರ ತಟ್ಟೆ ಹತ್ರಾನೇ ನಡೆದ. ಬೋಂಡಾ ತಲೆ ಎತ್ತಿದ. ಹಗ್ಗ ನೋಡಿದ. ಮುಖ ನೋಡಿದ. ಆಮೇಲೆ ತಟ್ಟೆ ಬಿಟ್ಟು ಎರಡು ಹೆಜ್ಜೆ ಸರಿದು ಕೂತು, ಬಾಲ ಆಡಿಸ್ತಾ ಕಾದ. ಕೈಯಲ್ಲಿ ಏನೋ ಹಿಡ್ಕೊಂಡು ಬಂದಿದ್ದಾರೆ ಅಂದರೆ ಬಡಿಸೋಕೇ ತಾನೇ!

ಗ್ರಿಲ್ ಹಿಂದೆ ಮಗಳು ಕಣ್ಣೊರೆಸ್ಕೊಂಡಳು. "ಇರಲಿ ಬಿಡು ಮಾಮ. ಅವನು ಊಟ ಮಾಡೋವಾಗ ಈ ಬಾಗಿಲು ಹಾಕಿದ್ದರೆ ಆಯ್ತು."

"ಆಟೋ ಬಾಡಿಗೆ ಮಾಡ್ಕೊಂಡು ಬಂದ್ಬುಟ್ಟಿದ್ದೀನಲ್ಲಮ್ಮಾ!" ಅಂತ ಅವನು ಹಗ್ಗ ಬಿಚ್ಚಿದ.

ಅಷ್ಟರಲ್ಲಿ ಅಡುಗೆಮನೆಯಿಂದ ನನ್ನ ಹೆಂಡತಿ ಬಂದಳು. ಅಷ್ಟು ವರ್ಷದಲ್ಲಿ ಆ ತಟ್ಟೆ ಹತ್ರ ಸುಳಿಯದವಳು. ಕೈಯಲ್ಲಿ ಮೊಸರನ್ನದ ಪಾತ್ರೆ. "ಊಟಕ್ಕೆ ಕೂತವರನ್ನ ಎಬ್ಬಿಸ್ತಾರೇನೋ? ಮುಗೀಲಿ, ಆಮೇಲೆ ಕರ್ಕೊಂಡು ಹೋಗು" ಅಂತ ಒಂದು ಸೌಟು ಹಾಕಿದಳು.

ಬಾಮೈದ ಕಲ್ಲಿನ ಮೇಲೆ ಕೂತು ಕಾದ. ಬೋಂಡಾ ತಿಂದು ಮುಗಿಸಿದ. ಬಾಮೈದ ಎದ್ದ. ಅವಳು ಇನ್ನರ್ಧ ಸೌಟು ಹಾಕಿದಳು. ಅವನು ಕೂತ. ಮತ್ತೆ ಎದ್ದ. ಅವಳು ಒಂದೇ ಒಂದು ಚಮಚ ಹಾಕಿ, "ಇನ್ನೂ ಮುಗಿದಿಲ್ಲ ಕಣೋ" ಅಂದಳು. ಕೊನೆಗೆ ಆಟೋದವನು ಹಾರ್ನ್ ಹೊಡೆದೂ ಹೊಡೆದೂ ಸಾಕಾಗಿ ಒಳಗೇ ಬಂದ. ಬಾಮೈದ ಹಗ್ಗ ಸುತ್ಕೊಂಡು ಹೊರಟ.

ಈಗಲೂ ಆಗಾಗ ಕಡಕೊಳದಿಂದ ಫೋನ್ ಮಾಡ್ತಾನೆ. "ಅಕ್ಕಾ, ನಾಯಿ ಊಟ ಮುಗೀತಾ?"

"ಈಗ ತಾನೇ ಕೂತಿದ್ದಾನಪ್ಪಾ" ಅಂತಾಳೆ.