ತೆರೆದರೆ ಅಸಿಂಧು

ನೆಸ್ತೋರ್ ಬರ್ರಗಾನನಿಗೆ ಅಂಚೆಯ ಮೇಲೆ ನಂಬಿಕೆ ಇದ್ದಿದ್ದರೆ ಆ ಶುಕ್ರವಾರ ಏನೂ ಆಗುತ್ತಿರಲಿಲ್ಲ.

ಕಾಲೇಜಿನ ದಾಖಲೆ ವಿಭಾಗದ ಮಾಯ್ ವಾಂಗ್ ಮಂಗಳವಾರವೇ ಹೇಳಿದ್ದಳು: "ನಿಮ್ಮ ಅಂಕಪಟ್ಟಿ ಯೂನಿವರ್ಸಿಟಿಗೆ ಪೋಸ್ಟ್ ಮಾಡಿದ್ದೀವಿ. ನೀವು ಮನೇಲಿ ಆರಾಮಾಗಿರಿ."

ಆರಾಮಾಗಿರುವುದು ನೆಸ್ತೋರನಿಗೆ ಬಾರದ ವಿದ್ಯೆ. ಗುರುವಾರ ಯೂನಿವರ್ಸಿಟಿಗೆ ಫೋನ್ ಮಾಡಿದ. ಇನ್ನೂ ಬಂದಿಲ್ಲ ಎಂದರು. ಗಡುವು ಶುಕ್ರವಾರ ಸಂಜೆ ಐದು ಗಂಟೆ. ಅವನು ಕಾಲೇಜಿಗೆ ಓಡಿ ಇನ್ನೊಂದು ಪ್ರತಿಯನ್ನು ಕೈಯಲ್ಲೇ ಇಸಿದುಕೊಂಡು ಬಂದ. ಬಿಳಿ ಲಕೋಟೆ. ಅದರ ಬಾಯಿಗೆ ಅಡ್ಡಲಾಗಿ ನೇರಳೆ ಮುದ್ರೆ: "ಅಧಿಕೃತ. ತೆರೆದರೆ ಅಸಿಂಧು." ರಾತ್ರಿಯಿಡೀ ಅದನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದ. ಪಟಾಕಿಯ ಮೇಲೆ ತಲೆಯಿಟ್ಟವನ ಹಾಗೆ ಎರಡು ಸಲ ಎದ್ದು ಕೂತ.

ಅವನಿಗೆ ನಲವತ್ತೊಂದು ವರ್ಷ. ಹಗಲು ಟೈರ್ ಅಂಗಡಿಯಲ್ಲಿ ಕೆಲಸ, ಸಂಜೆ ಕಮ್ಯುನಿಟಿ ಕಾಲೇಜು. ಅಲ್ಲಿ ಎರಡು ವರ್ಷ ಓದಿ, ಆಮೇಲೆ ನಾಲ್ಕು ವರ್ಷದ ಯೂನಿವರ್ಸಿಟಿಗೆ ದಾಟಿಕೊಳ್ಳುವುದು ಪದ್ಧತಿ. ನೆಸ್ತೋರ್ ಆ ಎರಡು ವರ್ಷದ ಸೇತುವೆಯ ಮೇಲೆ ಏಳು ವರ್ಷ ನಿಂತಿದ್ದ. ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾಗಬೇಕೆಂಬುದು ಅವನ ಆಸೆ. ಈ ಸಲ ಯೂನಿವರ್ಸಿಟಿ ಅವನನ್ನು ಒಪ್ಪಿಕೊಂಡಿತ್ತು. ಆದರೆ ಷರತ್ತುಗಳಿದ್ದವು. ಮುಗಿಸಿದ ಕೋರ್ಸುಗಳಿಗೆ ಸಿಗುವ ಯೂನಿಟ್ ಒಟ್ಟು ಅರವತ್ತು ಇರಬೇಕು, ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಕನಿಷ್ಠ 'ಸಿ' ಬರಬೇಕು, ಕೊನೆಯ ಅಂಕಪಟ್ಟಿ ಐದರೊಳಗೆ ಮೇಜಿನ ಮೇಲಿರಬೇಕು. ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಅವನು ಎರಡು ಸಲ ಫೇಲಾಗಿದ್ದ. ಮೂರನೆಯ ಸಲದ ಫಲಿತಾಂಶದ ಕಾರ್ಡು ಮನೆಗಿನ್ನೂ ಬಂದಿರಲಿಲ್ಲ. ಅದು ಲಕೋಟೆಯೊಳಗೆ ಇತ್ತು.

ಬೆಳಿಗ್ಗೆ ಅಡುಗೆಮನೆಯಲ್ಲಿ ಮಗಳು ಇವೆಟ್ ಫೋನಿನ ವೈರನ್ನು ಉದ್ದಕ್ಕೆ ಎಳೆದುಕೊಂಡು ಗುಂಡಿ ಒತ್ತುತ್ತಿದ್ದಳು. ಹದಿನೆಂಟು ತುಂಬಿತ್ತು. ಅವಳೂ ಅದೇ ಕಾಲೇಜಿಗೆ ಸೇರುವವಳು. ಕೋರ್ಸುಗಳನ್ನು ಫೋನಿನಲ್ಲೇ ಗುಂಡಿ ಒತ್ತಿ ತೆಗೆದುಕೊಳ್ಳುವ ವ್ಯವಸ್ಥೆ ಆ ವರ್ಷ, ೧೯೯೪ರಲ್ಲಿ, ಹೊಸದಾಗಿ ಬಂದಿತ್ತು.

"ಅಪ್ಪಾ, ಇವತ್ತು ಅದನ್ನ ಕೊಟ್ಟು ಬಂದ್ಬಿಡಿ," ಎಂದಳು. "ನಾನು ಅಲ್ಲಿ ಕಾಲಿಡೋ ಹೊತ್ತಿಗೆ ನೀವು ಅಲ್ಲಿರಬಾರದು. ನಿಮ್ಮ ಜೊತೆ ಒಂದೇ ಕ್ಲಾಸಲ್ಲಿ ಕೂರೋದಾದ್ರೆ, ನಾನು ಅಮ್ಮನ ಜೊತೆ ಪೀಚ್ ಹಣ್ಣು ಪ್ಯಾಕ್ ಮಾಡೋಕೆ ಹೋಗ್ತೀನಿ. ಆಣೆ."

ತಮಾಷೆಗೆ ಹೇಳಿದಳೋ ನಿಜಕ್ಕೋ ತಿಳಿಯಲಿಲ್ಲ. ಅವನ ಹೆಂಡತಿ ಹದಿನಾರು ವರ್ಷದಿಂದ ಬೆಳಿಗ್ಗೆ ಐದಕ್ಕೆ ಎದ್ದು ಪೀಚ್ ಶೆಡ್ಡಿಗೆ ಹೋಗುತ್ತಿದ್ದಳು. ಮಗಳು ಹೋಗಬಾರದು ಎಂಬುದೊಂದೇ ಆ ಮನೆಯಲ್ಲಿ ಎಲ್ಲರೂ ಒಪ್ಪಿದ್ದ ಮಾತು. ನೆಸ್ತೋರ್ ಲಕೋಟೆಯನ್ನು ಅಂಗಿಯೊಳಗೆ ಸೇರಿಸಿಕೊಂಡು ಹೊರಟ.

ಹತ್ತು ಗಂಟೆಯವರೆಗೆ ಅಂಗಡಿಯಲ್ಲಿ ಕೆಲಸವಿತ್ತು. ಅಲ್ಲಿ ಗ್ರೇಡಿ ಇದ್ದ. ಗ್ರೇಡಿ ಅದೇ ಕಾಲೇಜಿನಲ್ಲಿ ಹನ್ನೊಂದು ವರ್ಷ ಓದಿ ಎಲ್ಲಿಗೂ ದಾಟದವನು. ಈಜು ಬಾರದವರು ದಡದಲ್ಲಿ ಕೂತು ಸುಳಿಗಳ ಬಗ್ಗೆ ಹೇಳುವಂತೆ, ಯೂನಿವರ್ಸಿಟಿ ಬಗ್ಗೆ ಅವನಿಗೆ ಎಲ್ಲವೂ ಗೊತ್ತಿತ್ತು.

"ಎಷ್ಟು ಯೂನಿಟ್ ಇದೆ ಮೇಷ್ಟ್ರೇ?" ಎಂದು ಕೇಳಿದ.

"ಅರವತ್ತೆರಡು."

ಗ್ರೇಡಿ ಸೀಮೆಸುಣ್ಣ ತೆಗೆದು ಲಾರಿ ಟೈರಿನ ಮೇಲೆ ಬರೆದ. "ಅದರಲ್ಲಿ ವೆಲ್ಡಿಂಗ್ ಇದೆಯಲ್ಲ?"

"ಮೂರು ಯೂನಿಟ್."

"ಹೋಯ್ತು." ಗ್ರೇಡಿ ಮೂರನ್ನು ಹೊಡೆದುಹಾಕಿದ. "ವೆಲ್ಡಿಂಗ್ ಅಂದ್ರೆ ಯೂನಿವರ್ಸಿಟಿಯವರು ಮೂಗು ಮುಚ್ಕೋತಾರೆ. ಐವತ್ತೊಂಬತ್ತು. ಒಂದು ಕಮ್ಮಿ ಗುರುವೇ. ಒಂದೇ ಒಂದು."

ನೆಸ್ತೋರ್ ಟೈರಿನ ಮೇಲೆ ಕೂತುಬಿಟ್ಟ. ಕಾಲಿನಲ್ಲಿ ಗಾಳಿ ಇಳಿದುಹೋಗಿತ್ತು.

"ಯಾಕಯ್ಯಾ ಹೆದರ್ತೀಯ, ನಾನಿಲ್ವಾ? ಶನಿವಾರದಿಂದ ಒಂದು ಯೂನಿಟ್ಟಿನ ಬೇಸಿಗೆ ಕ್ಲಾಸು ಶುರು. ಆರೋಗ್ಯಕ್ಕಾಗಿ ನಡಿಗೆ. ಬೆಳಿಗ್ಗೆ ಏಳಕ್ಕೆ ಮೈದಾನ ಸುತ್ತೋದು, ಅಷ್ಟೇ. ಹೆಸರು ಹಚ್ಚಿಬಿಡು, ಒಂದು ಧೈರ್ಯಕ್ಕೆ ಇರಲಿ. ನಾನೇ ಎರಡು ಸಲ ತಗೊಂಡಿದ್ದೀನಿ."

"ಎರಡು ಸಲ ಯಾಕೆ?"

"ಮೊದಲ್ನೇ ಸಲ ಫೇಲಾದೆ."

ನೆಸ್ತೋರ್ ಹೂಂ ಅನ್ನುವ ಮೊದಲೇ ಗ್ರೇಡಿ ಅಂಗಡಿಯ ಫೋನ್ ಎತ್ತಿ, ಗ್ರೀಸ್ ಮೆತ್ತಿದ ಬೆರಳಲ್ಲಿ ಪಟಪಟನೆ ಒತ್ತಿದ. ಯಂತ್ರದೊಳಗಿನ ಹೆಂಗಸು ನೆಸ್ತೋರನ ಹೆಸರು ಸೇರಿತೆಂದು ಮಧುರವಾಗಿ ಅಭಿನಂದಿಸಿದಳು. ಏಳು ವರ್ಷದಲ್ಲಿ ಆ ಕಾಲೇಜಿನಿಂದ ಅವನಿಗೆ ಸಿಕ್ಕಿದ ಮೊದಲ ಅಭಿನಂದನೆ ಅದು.

ಅಂಗಿ ಬದಲಿಸಲು ಮನೆಗೆ ಬಂದಾಗ ಬೇಲಿಯಾಚೆ ಪಕ್ಕದ ಮನೆಯ ಚೇಲೋ ಅಜ್ಜಿ ಕಾದಿದ್ದಳು. ಅವಳ ಅಡುಗೆಮನೆಯಲ್ಲಿ ತಮಾಲೆ ಬೇಯುತ್ತಿತ್ತು. ಮೆಕ್ಕೆಜೋಳದ ಹಿಟ್ಟನ್ನು ಅದರ ತೆನೆಯ ಸಿಪ್ಪೆಯಲ್ಲಿ ಸುತ್ತಿ, ದೊಡ್ಡ ಪಾತ್ರೆಯಲ್ಲಿ ಹಬೆಗಿಟ್ಟಿದ್ದಳು.

"ಸ್ಟ್ಯಾಟಿಸ್ಟಿಕ್ಸ್ ಪಾಸಾಯ್ತಾ ಮಗಾ?"

"ಗೊತ್ತಿಲ್ಲ ಅಜ್ಜಿ. ಇದರೊಳಗಿದೆ."

"ಗೊತ್ತಿಲ್ದೆ ಅರವತ್ತು ಮೈಲಿ ಹೋಗ್ತೀಯಾ? ಅಲ್ಲಿ ಆ ಆಫೀಸಿನ ಹುಡುಗೀರ ಮುಂದೆ ಫೇಲ್ ಅಂತ ಓದಿಸ್ಕೊಂಡು, ಅಳುತ್ತಾ ಗಾಡಿ ಓಡಿಸ್ಕೊಂಡು ಬರ್ತೀಯಾ? ನನ್ನ ತಂಗಿ ಮಗ ಹಾಗೇ ಹೋದ. ವಾಪಸ್ ಬರ್ಲೇ ಇಲ್ಲ."

"ಏನಾದ?"

"ಅಲ್ಲೇ ಮದುವೆಯಾದ. ಅದು ಬೇರೆ ವಿಷಯ. ತಾ ಇಲ್ಲಿ."

"ಬೇಡ ಅಜ್ಜಿ, ತೆರೆದ್ರೆ ಅಸಿಂಧು."

"ತೆರೆಯೋರು ಯಾರು? ಹಬೆ ತೆರೆಯುತ್ತೆ." ಲಕೋಟೆ ಆಗಲೇ ಅವಳ ಕೈಯಲ್ಲಿತ್ತು. "ನನ್ನ ಗಂಡನಿಗೆ ಬಂದ ಕಾಗದ ಎಲ್ಲಾ ಹೀಗೇ ಓದಿ ಅಂಟಿಸ್ತಿದ್ದೆ. ಇಪ್ಪತ್ತು ವರ್ಷ. ಅವನಿಗೆ ಗೊತ್ತಾಗ್ಲೇ ಇಲ್ಲ."

"ಈಗ?"

"ಈಗ ಅವನಿಗೆ ಯಾರು ಬರೀತಾರೆ," ಎಂದು ಚೇಲೋ ಅವನನ್ನು ಅಡುಗೆಮನೆಗೆ ಕರೆದೊಯ್ದು ಪಾತ್ರೆಯ ಮುಚ್ಚಳ ಸರಿಸಿದಳು.

ನೆಸ್ತೋರ್ ತಡೆಯಬಹುದಿತ್ತು. ತಡೆಯಲಿಲ್ಲ. ತಿಳಿಯದೇ ಇರುವ ಭಯ ಅವನ ಕತ್ತಿನ ತನಕ ಏರಿತ್ತು. ಲಕೋಟೆ ಹಬೆಯಲ್ಲಿ ಮೆತ್ತಗಾಗಿ, ನಿದ್ದೆಯಲ್ಲಿರುವ ಮಗುವಿನ ಬಾಯಿಯಂತೆ ತಾನಾಗಿ ತೆರೆದುಕೊಂಡಿತು.

ಸ್ಟ್ಯಾಟಿಸ್ಟಿಕ್ಸ್: ಬಿ.

ಇಬ್ಬರೂ ಕುಣಿದರು. ಅವಳು ಅವನ ಹಣೆಗೆ ಮುತ್ತಿಟ್ಟಳು. ಆಮೇಲೆ ಲಕೋಟೆಯನ್ನು ಅಂಟಿಸಲು ನೋಡಿದರೆ, ನೇರಳೆ ಮುದ್ರೆ ಹಬೆಗೆ ಕರಗಿ ದ್ರಾಕ್ಷಿ ರಸದಂತೆ ಹರಿದಿತ್ತು. ಅದರ ಮೇಲೆ ಚೇಲೋಳ ಹೆಬ್ಬೆರಳು, ಜೋಳದ ಹಿಟ್ಟಿನಲ್ಲಿ, ಸಾಕ್ಷಿಯ ಸಹಿಯ ಹಾಗೆ ಸ್ಪಷ್ಟವಾಗಿ ಮೂಡಿತ್ತು.

"ಆಗೆಲ್ಲ ಶಾಯಿ ಚೆನ್ನಾಗಿರ್ತಿತ್ತು," ಎಂದಳು ಚೇಲೋ.

ಗಂಟೆ ಹನ್ನೊಂದೂ ಮುಕ್ಕಾಲು. ಬೇಸಿಗೆಯಲ್ಲಿ ಶುಕ್ರವಾರ ಕಾಲೇಜು ಹನ್ನೆರಡಕ್ಕೇ ಮುಚ್ಚುತ್ತದೆ. ನೆಸ್ತೋರ್ ತನ್ನ ಹಳೆಯ ಪಿಕಪ್ ಗಾಡಿಯನ್ನು ಅಟ್ಟಿಕೊಂಡು ಹೋದ. ದಾಖಲೆ ವಿಭಾಗದ ಕಿಟಕಿಯ ಕದ ಅರ್ಧ ಇಳಿದಿತ್ತು. ಅವನು ಬಗ್ಗಿ, ಆ ಸಂದಿಯಲ್ಲಿ ತಲೆ ತೂರಿಸಿದ.

ಮಾಯ್ ವಾಂಗ್ ಲಕೋಟೆಯನ್ನು ಮೂಸಿ ನೋಡಿದಳು. "ತಮಾಲೆ."

"ಹಬೆ ತಾಗಿತು, ಮೇಡಂ."

"ಪ್ರತಿ ವರ್ಷ ಇಬ್ಬರು ಮೂವರಿಗೆ ತಾಗುತ್ತೆ. ಹೋದ ವರ್ಷದವನದು ಕಾಫಿ ವಾಸನೆ ಇತ್ತು." ಅವಳು ಯಂತ್ರದ ಗುಂಡಿ ಒತ್ತಿದಳು. ಹಾಳೆ ಬಂತು. ಅದರತ್ತ ನೋಡದೆ ಮಡಚಿ, ಲಕೋಟೆಗೆ ಹಾಕಿ, ಅಂಟಿಸಿ, ಮುದ್ರೆ ಒತ್ತಿದಳು. "ನಾನು ಪೋಸ್ಟ್ ಮಾಡಿದ್ದು ಇಷ್ಟು ಹೊತ್ತಿಗೆ ಸೇರಿರುತ್ತೆ. ನೀವು ಸುಮ್ಮನೆ ಒದ್ದಾಡ್ತಿದ್ದೀರ."

"ಸೇರದಿದ್ರೆ?"

"ಸೋಮವಾರ ಸಿಗೋಣ," ಎಂದು ಅವಳು ಕದ ಎಳೆದಳು. ಅವನು ತಲೆಯನ್ನು ಸಮಯಕ್ಕೆ ಸರಿಯಾಗಿ ಹಿಂದೆಗೆದುಕೊಂಡ.

ಅವಳು ಹಿಂತಿರುಗಿಸಿದ ಹಳೆಯದು ಜೇಬಿಗೆ ಹೋಯಿತು. ಹೊಸ ಲಕೋಟೆಯನ್ನು ಅವನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಪಕ್ಕದ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಕಟ್ಟಿದ. ಹೊರಗೆ ನೂರ ಎಂಟು ಡಿಗ್ರಿ ಫ್ಯಾರನ್‌ಹೀಟ್. ಇಪ್ಪತ್ತು ಮೈಲಿಗೆ ಎಂಜಿನ್ ಕುದಿಯಿತು. ನಿಲ್ಲಿಸಿ ಆರಿಸಿದ. ಮೂವತ್ತೈದಕ್ಕೆ ಮತ್ತೆ ಕುದಿಯಿತು. ಎಂಜಿನ್ನಿನ ಬಿಸಿ ಇಳಿಸಲು ಗಾಡಿಯೊಳಗಿನ ಹೀಟರ್ ಹಾಕಿಕೊಂಡ. ಆ ಸೆಕೆಯಲ್ಲಿ ಹೀಟರ್ ಹಾಕಿಕೊಂಡು ಹೋಗುತ್ತಿದ್ದವನನ್ನು ಪಕ್ಕದ ಗಾಡಿಯವರು ಕನಿಕರದಿಂದ ನೋಡಿದರು. ಯೂನಿವರ್ಸಿಟಿಗೆ ಮೂರು ಮೈಲಿ ಇರುವಾಗ ಗಾಡಿ ದೊಡ್ಡದಾಗಿ ನಿಟ್ಟುಸಿರು ಬಿಟ್ಟು ನಿಂತಿತು. ಟೈರು ಮಾತ್ರ ನಾಲ್ಕೂ ಸುಭದ್ರವಾಗಿದ್ದವು.

ನಾಲ್ಕಕ್ಕೆ ಹತ್ತು ನಿಮಿಷ. ಅವನು ಚೀಲವನ್ನು ಎದೆಗೆ ಅವಚಿಕೊಂಡು ಬಾದಾಮಿ ತೋಟಗಳ ನಡುವಿನ ರಸ್ತೆಯಲ್ಲಿ ನಡೆದ. ಒಂದು ನಾಯಿ ಹಿಂದೆ ಬಂತು. ಲಕೋಟೆ ಕಚ್ಚಿಕೊಂಡು ಹೋಗುತ್ತದೆ ಎಂದು ಹೆದರಿದ. ಗಾಳಿ ಬೀಸಿತು, ಹಾರಿಸುತ್ತದೆ ಎಂದು ಹೆದರಿದ. ಲಾರಿಯವನೊಬ್ಬ ನಿಲ್ಲಿಸಿ, "ಬರ್ತೀರಾ?" ಎಂದು ಕೇಳಿದಾಗ, ಕಿತ್ತುಕೊಳ್ಳುತ್ತಾನೆ ಎಂದು ಹೆದರಿ ಬೇಡವೆಂದ. ಲಾರಿ ಧೂಳೆಬ್ಬಿಸಿ ಹೋದ ಮೇಲೆ ತನ್ನ ಮೂರ್ಖತನಕ್ಕೂ ಹೆದರಿದ.

ಪ್ರವೇಶ ಕಚೇರಿಯಲ್ಲಿ ಅವನ ಸರದಿ ಬಂದಾಗ ನಾಲ್ಕು ಐವತ್ತಾರು. ಕಿಟಕಿಯ ಹಿಂದೆ ಸರಪಳಿ ಕನ್ನಡಕದ ಹೆಂಗಸೊಬ್ಬಳಿದ್ದಳು. ಮೊದಲು ಹೆಸರು ಕೇಳಿದಳು. ಆಮೇಲೆ ಲಕೋಟೆಯ ಮೇಲೆ ಧಡ್ಡನೆ "ಸ್ವೀಕರಿಸಿದೆ" ಎಂಬ ಮುದ್ರೆ ಗುದ್ದಿದಳು. ಆಮೇಲೆ ಚಾಕುವಿನಿಂದ ಬಾಯಿ ಸೀಳಿದಳು. ಯಾರ ಅಪ್ಪಣೆಯನ್ನೂ ಕೇಳದೆ ಎಷ್ಟು ಸಲೀಸಾಗಿ ಸೀಳಿದಳು ಎಂದು ನೆಸ್ತೋರನಿಗೆ ಹೊಟ್ಟೆಕಿಚ್ಚಾಯಿತು.

"ಸ್ಟ್ಯಾಟಿಸ್ಟಿಕ್ಸ್ ಬಿ. ಭೇಷ್. ವೆಲ್ಡಿಂಗ್ ಮೂರು ಯೂನಿಟ್, ಸರಿ."

"ವೆಲ್ಡಿಂಗ್ ತಗೋತೀರಾ?"

"ಯಾಕೆ ತಗೋಬಾರದು? ಒಟ್ಟು ಅರವತ್ತೆರಡು." ಅವಳು ಹಾಳೆಯ ಕೊನೆಗೆ ಬಂದು ನಿಂತಳು. "ಇದೇನು, ನಡಿಗೆ?"

"ಒಂದು ಧೈರ್ಯಕ್ಕೆ..."

"ಇದು ಮುಗಿದಿಲ್ಲವಲ್ಲ. ಇವತ್ತು ಬೆಳಿಗ್ಗೆ ಸೇರಿದ್ದೀರಿ. ಕೊನೆಯ ಅಂಕಪಟ್ಟಿ ಅಂದ್ರೆ ಎಲ್ಲಾ ಕೋರ್ಸೂ ಮುಗಿದಿರಬೇಕು ಸಾರ್. ಒಂದು ಬಾಕಿ ಇದ್ದರೂ ಇದು ಕೊನೆಯದಲ್ಲ."

ನೆಸ್ತೋರ್ ಜೇಬಿಗೆ ಕೈ ಹಾಕಿದ. ನಿನ್ನೆಯ ಲಕೋಟೆಯನ್ನು ಕಿಟಕಿಯೊಳಗೆ ತಳ್ಳಿದ. "ಇದರಲ್ಲಿ ನಡಿಗೆ ಇಲ್ಲ."

ಅವಳು ಎರಡು ಬೆರಳಲ್ಲಿ ಎತ್ತಿ ನೋಡಿದಳು. ಹೆಬ್ಬೆರಳಿನ ಗುರುತನ್ನೂ ನೋಡಿದಳು. "ಇದು ತೆರೆದಿದೆ. ಚೆನ್ನಾಗಿ ಬೆಂದೂ ಇದೆ." ಎರಡನ್ನೂ ಸೇರಿಸಲು ಅವನ ಫೈಲು ತೆಗೆದಳು. ತೆಗೆದವಳು ಕನ್ನಡಕ ಇಳಿಸಿ ಅವನನ್ನೇ ನೋಡಿದಳು.

"ಬರ್ರಗಾನ್ ಸಾರ್, ನಿಮ್ಮ ಅಂಕಪಟ್ಟಿ ಬೆಳಿಗ್ಗೆ ಹತ್ತಕ್ಕೇ ಅಂಚೆಯಲ್ಲಿ ಬಂದಿದೆ. ಹತ್ತೂವರೆಗೆ ನಾನೇ ಫೈಲ್ ಮುಗಿಸಿದ್ದೀನಿ. ನೀವು ಸೇರಿ ಆಗಿತ್ತು."

ನೆಸ್ತೋರನಿಗೆ ಗಾಳಿ ಬಂದಂತಾಯಿತು. "ಹಾಗಾದ್ರೆ ಅದನ್ನೇ ಇಟ್ಕೊಳ್ಳಿ ತಾಯಿ!"

"ಹೊಸದು ಬಂದ್ರೆ ಹಳೇದು ರದ್ದು."

"ಹೊಸದನ್ನ ಹರಿದುಹಾಕಿ!"

"ಮುದ್ರೆ ಬಿದ್ದಿದೆ ಸಾರ್." ಅವಳ ದನಿಯಲ್ಲಿ ನಿಜವಾದ ಮರುಕವಿತ್ತು. "ಆ ಕ್ಲಾಸ್ ಬಿಟ್ಟೆ ಅಂತ ನಿಮ್ಮ ಕಾಲೇಜಿಂದ ಐದರೊಳಗೆ ಒಂದು ಚೀಟಿ ತರಿಸಿ, ನೋಡೋಣ."

ಕಾಲೇಜಿನ ಕದ ಇಳಿದು ಐದು ತಾಸು ಕಳೆದಿತ್ತು. ಗೋಡೆಯ ಗಡಿಯಾರದಲ್ಲಿ ಎರಡು ನಿಮಿಷ ಉಳಿದಿತ್ತು.

"ನಾನು ಇವತ್ತು ಬರದೇ ಇದ್ದಿದ್ರೆ?"

"ಸೋಮವಾರ ನಿಮಗೆ ಸ್ವಾಗತ ಪತ್ರ ಬರ್ತಿತ್ತು," ಎಂದಳು. "ಬೇಜಾರು ಮಾಡ್ಕೋಬೇಡಿ. ಬೇಸಿಗೆಯಲ್ಲಿ ಆ ನಡಿಗೆ ಮುಗಿಸಿ. ಜನವರಿಗೆ ಮತ್ತೆ ಅರ್ಜಿ ಹಾಕಿ. ದಾಖಲೆಗೆ ಬಿದ್ದಾಯ್ತು, ಮುಗಿಸಲೇಬೇಕು ಆಯ್ತಾ? ಇನ್ನು ಬಿಟ್ರೂ ಕಷ್ಟ, ಫೇಲಾದ್ರೂ ಕಷ್ಟ."

ಗಂಟೆ ಐದಾಯಿತು. ಅವಳು ತನ್ನ ಕದವನ್ನೂ ಇಳಿಸಿದಳು.

ಹೊರಗಿನ ಫೋನ್ ಬೂತಿನಿಂದ ಅವನು ಮನೆಗೆ ಫೋನ್ ಮಾಡಿದ. ಮೊದಲ ಗಂಟೆಗೇ ಇವೆಟ್ ಎತ್ತಿದಳು.

"ಆಯ್ತಾ ಅಪ್ಪಾ?"

ಹಿಂದಿನಿಂದ ಚೇಲೋ ಕೂಗಿದ್ದು ಕೇಳಿಸಿತು: "ಆಯ್ತು ಅನ್ನು, ತಮಾಲೆ ಆರಿಹೋಗ್ತಿದೆ!"

"ಜನವರಿಗೆ ಆಗುತ್ತೆ," ಎಂದ. "ಒಂದು ಕ್ಲಾಸ್ ಬಾಕಿ. ಚಿಕ್ಕದು. ನಡಿಗೆ. ನಾಳೆ ಬೆಳಿಗ್ಗೆ ಏಳಕ್ಕೆ."

ಅವನು ರಿಸೀವರನ್ನು ಕಿವಿಗೆ ಒತ್ತಿಹಿಡಿದ. ಬೂತಿನ ಗಾಜು ಕೆಂಡದಂತೆ ಕಾದಿತ್ತು.

"ಇವೆಟ್?"

"ಬೆಳಿಗ್ಗೆ ನಾನು ಗುಂಡಿ ಒತ್ತಿದ್ದೂ ಅದಕ್ಕೇ ಅಪ್ಪಾ," ಎಂದಳು ಮಗಳು. "ಅದೊಂದರಲ್ಲೇ ಜಾಗ ಇತ್ತು."

ನೆಸ್ತೋರನ ಕಣ್ಣ ಮುಂದೆ ಬೆಳಗಿನ ಐದು ಗಂಟೆಯ ಕತ್ತಲು, ಪೀಚ್ ಶೆಡ್ಡಿನ ಸಾಲು ದೀಪ, ಹೆಂಡತಿಯ ಪಕ್ಕದಲ್ಲಿ ಇನ್ನೊಂದು ಏಪ್ರನ್ನು ಬಂದು ನಿಂತವು. ಆ ದಿನದ ಭಯಗಳೆಲ್ಲ ಇದರ ಮುಂದೆ ಮಕ್ಕಳಾಟ. "ನೀನು ಬಿಡಬೇಡ ಮಗಳೇ," ಎಂದ. "ನಾನು ಬಿಡ್ತೀನಿ. ಯೂನಿವರ್ಸಿಟಿ ಎಲ್ಲಿಗೂ ಓಡಿಹೋಗಲ್ಲ."

ಆ ಕಡೆ ಯಾರೋ ಮೂಗೆಳೆದ ಸದ್ದು. ಚೇಲೋ ಇರಬೇಕು.

"ಬಿಟ್ರೆ ಗೊತ್ತಲ್ಲ, ಇನ್ನೂ ಏಳು ವರ್ಷ ಅಲ್ಲೇ ಇರ್ತೀರ," ಎಂದಳು ಇವೆಟ್. "ಬನ್ನಿ. ಆದ್ರೆ ನನ್ನ ಪಕ್ಕ ನಡೀಬೇಡಿ. ಹತ್ತು ಹೆಜ್ಜೆ ಹಿಂದೆ. ನನ್ನ ಅಪ್ಪ ಅಂತ ಯಾರಿಗೂ ಹೇಳ್ಕೂಡದು."

"ಇಲ್ಲ," ಎಂದ ನೆಸ್ತೋರ್.

ಫೋನ್ ಇಟ್ಟು ಅವನು ಗಾಡಿಯ ಕಡೆ ಹೊರಟ. ಮೂರು ಮೈಲಿ. ಬಾದಾಮಿ ತೋಟದ ರಸ್ತೆಯಲ್ಲಿ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ, ಯಾವುದಕ್ಕೂ ಇರಲಿ ಎಂದು, ಅವನು ಹತ್ತು ಹೆಜ್ಜೆ ಹಿಂದೆಯೇ ನಡೆದ.