ಹಿರಿಯರ ಸಾಲಿನಲ್ಲಿ ಒಬ್ಬ ಜಪಾನೀಯ

ಸತ್ತ ಜಪಾನೀಯನೊಬ್ಬನಿಗೆ ಎಡೆ ಇಡುವ ಮನೆ ಇಡೀ ಮದ್ದೂರಿನಲ್ಲಿ ಒಂದೇ ಇದೆ. ಅದು ನನ್ನ ಸೋದರಮಾವನದು. ತಲೆ ಕೆಟ್ಟಿದೆಯೇ? ಇಲ್ಲ. ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತನಾದವನು. ಪಿಂಚಣಿ ತಾರೀಖು ಒಮ್ಮೆಯೂ ಮರೆತಿಲ್ಲ.

ಆ ಜಪಾನೀಯನ ಪಟ ಮಾವನಿಗೆ ಮೈಸೂರಿನ ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕಿತು. ಮರದ ಹಲಗೆ ಕೆತ್ತಿ, ಬಣ್ಣಕ್ಕೊಂದು ಹಲಗೆಯಂತೆ ಒತ್ತಿ ತೆಗೆದ ಚಿತ್ರದ ನಕಲು. ಕಬುಕಿ ಎಂಬ ಅಲ್ಲಿಯ ನಾಟಕದಲ್ಲಿ ಹೆಂಗಸಿನ ಪಾತ್ರವನ್ನೂ ಗಂಡಸರೇ ಮಾಡುತ್ತಾರೆ. ಇವನೂ ಅಂಥವನೇ: ಸುಣ್ಣ ಬಳಿದಂಥ ಮುಖ, ಎಳ್ಳುಕಾಳಿನಷ್ಟು ತುಟಿ, ನಾವು ಎಲ್ಲಿ ಕೂತರೂ ಅತ್ತಲೇ ತಿರುಗುವ ಕಣ್ಣು. ಮಾವ ಅದಕ್ಕೆ ಕಟ್ಟು ಹಾಕಿಸಿ, ಕುಂಕುಮ ಇಟ್ಟು, ತಾತ-ಅಜ್ಜಿಯರ ಪಟಗಳ ನಡುವೆ ನೇತುಹಾಕಿದ.

"ನಟ ಸತ್ತಾಗ ಅಚ್ಚಾಕ್ತಿದ್ದ ಪಟ ಕಣ್ಲಾ. ಸತ್ತೋರ ಜೊತೆಗೇ ಇರ್ಲಿ."

ಸಿಲಿಂಡರ್ ತಂದವನು ಒಮ್ಮೆ ಕೇಳಿದ, "ಈಯಮ್ಮ ತೀರ್ಕೊಂಡು ಎಷ್ಟು ದಿನ ಆಯ್ತು ಸಾ?"

"ನಿಮ್ಮ ತಾತ ಹುಟ್ಟೋಕೂ ಮುಂಚೆ," ಎಂದ ಮಾವ. "ಆದ್ರೆ ನೆನ್ನೆ ಯಾಕೋ ರೆಪ್ಪೆ ಆಡುಸ್ದಂಗಾಯ್ತು."

ಅಂದಿನಿಂದ ಸಿಲಿಂಡರು ಗೇಟಿನಾಚೆಯೇ ಇಳಿಯುತ್ತದೆ.

ಅತ್ತೆಗೆ ಮಾತ್ರ ನಗು ಬರಲಿಲ್ಲ. ಅಡುಗೆಮನೆಗೆ ಹೋಗುವಾಗಲೆಲ್ಲ ಬೆನ್ನಿಗೆ ನೋಟ ತಾಗುತ್ತದಂತೆ. "ಅಬ್ಬದ ದಿನ ಬಂದು ಇಳ್ಸಿಬುಡಪ್ಪ, ನಿನ್ ಮಾತಾದ್ರೆ ಕೇಳ್ತಾರೆ," ಎಂದು ಫೋನಿನಲ್ಲಿ ಪಿಸುಗುಟ್ಟಿದಳು. "ಆ ಮೂದೇವಿಗೆ ಕೋಳಿ ಸಾರು ಬಡ್ಸಿ ಬಡ್ಸಿ ಸಾಕಾಯ್ತು."

ಹಿರಿಯರ ಹಬ್ಬದ ದಿನ ಹೋದೆ. ಎಡೆ ಇಟ್ಟು, ಸತ್ತವರು ಉಣ್ಣಲೆಂದು ಬಾಗಿಲು ಮುಚ್ಚಿ, ಮೂವರೂ ಜಗುಲಿಯಲ್ಲಿ ಕುಳಿತೆವು. ನಾನೇ ವಿಷಯ ತೆಗೆದೆ.

"ಮಾವ, ಆ ಪಟ ಇಳ್ಸಿಬುಡಾನ. ಅವ್ನು ಯಾವ ಊರೋನೋ ಏನೋ."

ಮಾವ ಬೀದಿ ನೋಡುತ್ತಲೇ ಹೇಳಿದ: "ಕಿರುಗಾವಲಲ್ಲಿ ನಾನು ದ್ರೌಪದಿ ಪಾರ್ಟು ಮಾಡಿದ್ದೆ. ಬಣ್ಣ ಆಕೊಂಡು ಕನ್ನಡಿ ನೋಡಿದ್ರೆ ನಮ್ಮಕ್ಕ ಕುಂತವ್ಳೆ. ನಿಮ್ಮವ್ವ ಕಣ್ಲಾ. ಅವ್ಳ್ದು ಒಂದು ಫೋಟೋನೂ ತೆಗ್ಸಿರ್ಲಿಲ್ಲ ನಾವು. ಇವ್ನೂ ನನ್ನಂಗೆ ಬಣ್ಣ ಆಕೊಂಡ ಗಂಡ್ಸು. ಆ ಬಣ್ಣದೊಳ್ಗೆ ಯಾರು ಬತ್ತಾರೆ ಅಂತ ನಂಗೊತ್ತು."

ನನಗೆ ಎರಡು ವರ್ಷವಾಗಿದ್ದಾಗ ಅವ್ವ ಹೋದಳು. ಅವಳ ಮುಖ ನೆನಪಿದೆ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಆ ಮುಖದಲ್ಲಿ ಒಮ್ಮೆ ಮೂಗುಬೊಟ್ಟು ಇರುತ್ತಿತ್ತು, ಒಮ್ಮೆ ಇರುತ್ತಿರಲಿಲ್ಲ. ಈಗ ಕಣ್ಣು ಮುಚ್ಚಿದರೆ ಬಂದು ನಿಂತದ್ದು ಸುಣ್ಣದ ಮುಖ, ಎಳ್ಳುಕಾಳಿನಷ್ಟು ತುಟಿ.

ಒಳಗೆ ಬಾಳೆಲೆ ಸರಿದ ಸದ್ದಾಯಿತು. ಬೆಕ್ಕಿರಬಹುದು. ಆದರೆ ಕಿಟಕಿ ನಾನೇ ಮುಚ್ಚಿದ್ದ ನೆನಪು. ನನ್ನ ನೆನಪು ಎಂಥದೆಂದು ಈಗಷ್ಟೇ ಹೇಳಿದೆನಲ್ಲ. ಎದ್ದು ಚಿಲಕಕ್ಕೆ ಕೈ ಹಾಕಿದೆ.

ಪಟ ಇಳಿಸಲು ನನ್ನನ್ನು ಕರೆಸಿದ್ದ ಅತ್ತೆಯೇ ಕೈ ಹಿಡಿದಳು.

"ತಡಿಯಪ್ಪ," ಎಂದಳು. "ನಿಮ್ಮವ್ವ ಉಣ್ಲಿ."