ಕರೆಂಟ್ ತರಾಕ ಹೋದ ಬ್ಯಾಟರಿ

ಅಳತಿ ಮಷೀನು ಅಂಬಿಕಾನಗರದ ಕ್ವಾರ್ಟರ್ಸಿನ್ಯಾಗ ಇರೂತನಕ ಭಾಳ ಶಾಣ್ಯಾ. ಗೇಟ್ ದಾಟಿತಂದ್ರ ಏನರೆ ಒಂದು ತಗಾದೆ ತಗೀಲೇಬೇಕು. ಆ ವರ್ಷ ಹಳಿಯಾಳದಾಚೆ ಅಡವ್ಯಾಗಿನ ಒಂದು ಸಣ್ಣ ಹಳ್ಳಿಗೆ ಕರೆಂಟ್ ಲೈನ್ ಎಳಿಯೂದಿತ್ತು. ಕಂಬ ಎಲ್ಲೆಲ್ಲಿ ನಿಲ್ಲಬೇಕು ಅಂತ ಮಷೀನಿನ ದುರ್ಬೀನಿನ್ಯಾಗ ನೋಡಿ ಅಳಿಯಾವ ನಾನು; ದೂರ ಗುರುತಿನ ಕೋಲು ಹಿಡದು ನಿಲ್ಲಾವ ಮುಂಡಗೋಡಿನ ಹಿರಿಯ ಚೈನ್‌ಮನ್. ಮಳಿ ಹಿಡಿಯೂದ್ರಾಗ ಅಳತಿ ಮುಗೀಲಿಲ್ಲಂದ್ರ ಆ ಊರಿನ ಹೆಸರು ಪಟ್ಟಿಯಿಂದ ತಗೀತೇವಿ ಅಂತ ಸಾಹೇಬ್ರು ಹೇಳೇ ಕಳಿಸಿದ್ರು.

೧. ಮೂರು ಎಳಿ

ತೇರಗಾಂವದ ಗೌಡ್ರ ಮನ್ಯಾಗ ಇಳಕೊಂಡು, ಅಲ್ಲೇ ಬ್ಯಾಟರಿ ಚಾರ್ಜಿಗೆ ಹಾಕ್ತಿದ್ವಿ. ಸೋಮವಾರ ಅಡವಿಗೆ ಹೋಗಿ ಗುಂಡಿ ಒತ್ತಿದ್ರ ಮಷೀನು ಮಿಸುಕಲಿಲ್ಲ. ವೈರ್ ಬಿಚ್ಚಿದೆ, ಫ್ಯೂಸ್ ನೋಡಿದೆ, ಮಷೀನಿನ ಇಂಗ್ಲಿಷ್ ಪುಸ್ತಕಾನೂ ಓದಿದೆ. ಹೊತ್ತು ನೆತ್ತಿಗೆ ಬಂದಾಗ ಚೈನ್‌ಮನ್ ಬ್ಯಾಟರಿ ತಿರುವಿ ತೋರಿಸಿದ. ವೈರ್ ಕೂಡೋ ಪಟ್ಟಿ ಮ್ಯಾಲ ಮೂರು ಎಳಿ ವಿಭೂತಿ! ಧೋತರದಿಂದ ಒರಿಸಿದ ಕೂಡ್ಲೆ ಮಷೀನು ಕಣ್ಣು ಬಿಡ್ತು.

ಸಂಜಿಗೆ, ಬ್ಯಾಟರಿಗೂ ಪೂಜಿ ಮಾಡಿದ್ದ ಗೌಡ್ರ ತಾಯಿಗೆ, ಅಮ್ಮಾರ, ವಿಭೂತಿ ಹಚ್ಚಿದ್ರ ಇದು ಚಾಲೂ ಆಗೂದಿಲ್ರಿ ಅಂತ ಮೆತ್ತಗ ಹೇಳಿದೆ. ಆಕಿ ಗಲ್ಲಕ್ಕ ಕೈ ಹಚ್ಚಿ ವಿಚಾರ ಮಾಡಿದ್ಲು.

"ಹಂಗಾರ ಅದು ನಾಮದವರ ಮಷೀನು ಇದ್ದೀತಪಾ."

೨. ಮಂಗಟ್ಟೆ ಹಕ್ಕಿ

ನನಗ ಒಂದು ಕೆಟ್ಟ ಚಟ. ದುರ್ಬೀನಿಗೆ ಕಣ್ಣು ಹಚ್ಚಿದ್ರ ಕೋಲು ಬಿಟ್ಟು ಉಳಿದಿದ್ದೆಲ್ಲಾ ಕಾಣತೈತಿ. ಸಾಗವಾನಿ ಎಲಿ ಮ್ಯಾಲಿನ ಮಂಜು ನಿಧಾನಕ್ಕ ಏಳೂದು, ದೂರದ ಗುಡ್ಡ ನೀಲಿ ಆಗಿ ಕರಗೂದು. ಹಂಗ ನೋಡ್ಕೋತ ನಿಂತ್ರ ನನ್ನ ಹೆಸರೂ ಮರತು ಹೋಗ್ತಿತ್ತು. ಅಂಥಾದ್ರಾಗ ಮಷೀನು ಘಳಿಗೆಗೊಮ್ಮೆ ತಾನ ಆರಲಿಕ್ಕೆ ಹತ್ತಿತು. ನಾಕು ದಿನ ವೈರಿಗೆ ಬೈದೆ, ಟೇಪ್ ಸುತ್ತಿದೆ. ಕಡೀಗೆ ಸಾಹೇಬ್ರೇ ಜೀಪಿನ್ಯಾಗ ಬಂದು ಚೈನ್‌ಮನ್‌ನ ಕೇಳಿದ್ರು.

"ವೈರ್ ಸರಿ ಐತ್ರಿ," ಅಂದ ಅಂವ. "ಮಂಗಟ್ಟೆ ಹಕ್ಕಿ ಹಾರಿದ ಕಡೆ ಇವ್ರು ದುರ್ಬೀನ್ ತಿರುವ್ತಾರ, ವೈರ್ ಕಿತ್ತು ಬರ್ತೈತಿ. ಹಕ್ಕಿಗೆ ಒಂದು ನೋಟೀಸ್ ಕೊಡ್ರಿ."

೩. ಸಂಡಿಗಿ ಚಾಪಿ

ಕಡೀ ದಿನ ಆ ಹಳ್ಳಿ ಬಾಗಲಕ್ಕ ಬಂದಿದ್ವಿ. ಮೂರು ಕಂಬದ ಅಳತಿ ಉಳದಾಗ ಬ್ಯಾಟರಿ ಜೀವ ಬಿಡ್ತು. ತೇರಗಾಂವಕ್ಕ ಹೋಗಿ ಬರೂದಂದ್ರ ನಾಳೆ. ಪಡುವಣದಾಗ ಆಗಲೇ ಮೋಡ ಕೂಡಿದ್ವು. ನನ್ನ ಚಟದಿಂದನ ನಾಕು ದಿನ ಹಾಳಾಗಿತ್ತು, ನಾಚಿಕಿಯಿಂದ ಅಳು ಬಂದಂಗಾತು. ಇಲ್ಲಿ ಎಲ್ಲೆರೆ ಕರೆಂಟ್ ಐತೇನು ಅಂತ ಅಲ್ಲಿದ್ದ ಒಬ್ಬ ಮುದುಕಿ ಆಯಿಯನ್ನ ಕೇಳೇಬಿಟ್ಟೆ.

"ಇದ್ದಿದ್ರ ನಿನ್ನ ಯಾಕ ಕರಸ್ತಿದ್ವಿ?" ಅಂದು, ಆಕಿ ಬ್ಯಾಟರಿ ಕಸಕೊಂಡು ಅಂಗಳದ ಚಾಪಿ ಮ್ಯಾಲ ಸಂಡಿಗಿ ಜೋಡಿ ಒಣಾಕ ಇಟ್ಲು. ಅಲ್ಲಿ ಊರವರ ಟಾರ್ಚಿನ ಸೆಲ್ಲುಗಳೂ ಸಾಲಾಗಿ ಬಿಸಿಲು ಕಾಯಿಸ್ತಿದ್ವು.

ನಾವು ಉಂಡು, ಮಾವಿನ ಗಿಡದ ನೆರಳಾಗ ಸಣ್ಣ ನಿದ್ದಿ ಮಾಡಿದ್ವಿ. ಎದ್ದು ಹಾಕಿ ನೋಡಿದ್ರ ಮಷೀನು ಹತ್ತಿತ್ತು! ದಣದ ಬ್ಯಾಟರಿ ಒಂದೀಟು ಚೇತರಿಸಿಕೊಂಡಿತ್ತು, ಅಷ್ಟ. ಓಡಿ ಓಡಿ ಮೂರೂ ಕಂಬ ಅಳದ್ವಿ. ಕಡೀ ಅಂಕಿ ಬರಕೊಂಡೆ, ಅದು ಆರಿ ಹೋತು, ಮಳಿ ಹನಿ ಬಿತ್ತು.

ಆಯಿ, ನಿಮ್ಮೂರಿಗೆ ಲೈನ್ ಬಂದಂಗ ಅಂತ ಹೇಳಿದೆ. ಆಕಿಗೆ ಖುಷಿ ಆತು. ಆದ್ರ ಒಂದು ಚಿಂತಿ.

"ಆ ಕರೆಂಟೂ ಮುಗಿದ್ರ? ಅಷ್ಟುದ್ದ ವೈರ್ ಎಲ್ಲಿ ಒಣಗ್ಸೂದೋ ತಮ್ಮಾ?"

ನಾನು ಬಾಯಿ ತಗಿಯೂದ್ರಾಗ ಚೈನ್‌ಮನ್ ಹೇಳಿದ, "ಅದಕ್ಕಲ್ಲೇನು ಆಯಿ, ಕಂಬದ ಮ್ಯಾಲ ಹಾಕೂದು?"